‘ನ್‌ಜೂರಿ’ ಅಂದರೆ ಹುಷಾರಾಗಿದ್ದಾರೆ ಅಂತಲ್ಲ

ಕರ್ನಾಟಕದ ಕ್ರೈಸ್ತ ಸಭೆಗಳಿಂದ ತಾಂಜಾನಿಯಾದ ಹಳ್ಳಿಗಳಿಗೆ ಆರೋಗ್ಯ ಸೇವೆಗೆ ಹೋಗುವ ತಂಡಗಳನ್ನು ತಯಾರು ಮಾಡುವುದು ನಮ್ಮ ಕೆಲಸ. ಅಲ್ಲಿನ ಭಾಷೆ ಸ್ವಾಹಿಲಿ ಎಷ್ಟು ಕಲಿಯಬೇಕು ಎಂಬುದೇ ಎಲ್ಲರ ಮೊದಲ ಪ್ರಶ್ನೆ. ಎರಡು ವಾರಕ್ಕೆ ಹೋಗುವವರಿಗೆ ಹತ್ತು-ಹದಿನೈದು ಮಾತು ಸಾಕು. ಪದ ಗೊತ್ತಿಲ್ಲದೆ ಕೆಡುವ ಕೆಲಸ ಕಡಿಮೆ. ಅರ್ಥವಾಯಿತು ಅಂದುಕೊಂಡು ಮುಂದೆ ಹೋದಾಗ ಕೆಡುವುದೇ ಹೆಚ್ಚು.

ಮೊದಲು ವಂದನೆ. ಹಿರಿಯರಿಗೆ ‘ಶಿಕಾಮೋ’ ಅನ್ನಬೇಕು, ಅವರು ‘ಮರಾಹಬಾ’ ಅನ್ನುತ್ತಾರೆ. ಕಿರಿಯರಿಗೆ ಹಾಗನ್ನಬಾರದು, ಅವರೇ ನಿಮಗೆ ಅನ್ನಲಿ. ‘ಜಾಂಬೋ’ ಅಂದರೆ ಸಫಾರಿಗೆ ಬಂದವರು ಎಂದು ಎಣಿಸುತ್ತಾರೆ. ಆಮೇಲೆ ‘ಹಬಾರಿ’ಗಳ ಸರಣಿ: ಮನೆ ಸಮಾಚಾರ, ಕೆಲಸದ ಸಮಾಚಾರ, ಪ್ರಯಾಣದ ಸಮಾಚಾರ. ಎಲ್ಲದಕ್ಕೂ ಉತ್ತರ ‘ನ್‌ಜೂರಿ’, ಚೆನ್ನಾಗಿದೆ. ಮೂರು ದಿನದಿಂದ ಜ್ವರ ಇರುವವರೂ ಮೊದಲು ಹೇಳುವುದು ಅದನ್ನೇ. ನಿಜವಾದ ಮಾತು ‘ಲಾಕಿನಿ’, ಅಂದರೆ ‘ಆದರೆ’, ಎಂಬ ಪದದ ನಂತರ ಬರುತ್ತದೆ. ನಮ್ಮ ನರ್ಸುಗಳು ಮೊದಲ ಉತ್ತರಕ್ಕೇ ಪೆನ್ನು ಎತ್ತಿಕೊಂಡರೆ ಆ ‘ಲಾಕಿನಿ’ ಬರುವುದೇ ಇಲ್ಲ. ಒಬ್ಬೊಬ್ಬರ ವಂದನೆಗೆ ಒಂದೆರಡು ನಿಮಿಷ ಎಂದು ಶಿಬಿರದ ಲೆಕ್ಕದಲ್ಲೇ ಸೇರಿಸಿಡಿ.

ಗಡಿಯಾರ ಇನ್ನೊಂದು ತೊಡಕು. ಸ್ವಾಹಿಲಿಯಲ್ಲಿ ಗಂಟೆ ಎಣಿಸುವುದು ಹೊತ್ತು ಮೂಡಿದಾಗಿನಿಂದ. ‘ಸಾ ಮೋಜಾ’, ಮೊದಲನೇ ಗಂಟೆ, ಅಂದರೆ ನಮ್ಮ ಬೆಳಿಗ್ಗೆ 7. ‘ಸಾ ನ್ನೆ’, ನಾಲ್ಕನೇ ಗಂಟೆ, ಅಂದರೆ 10. ದುಭಾಷಿ ಅದನ್ನು ಇಂಗ್ಲಿಷಿನಲ್ಲಿ ಹಾಗೇ ‘ಫೋರ್ ಓಕ್ಲಾಕ್’ ಅಂದುಬಿಟ್ಟರೆ ತಂಡ ಸಂಜೆ ನಾಲ್ಕಕ್ಕೆ ಹೋಗುತ್ತದೆ, ತಾಯಂದಿರು ಬೆಳಿಗ್ಗೆ ಹತ್ತರಿಂದ ಕಾದು ಕೂತಿರುತ್ತಾರೆ. ಸಮಯ ಹೇಳಿದಾಗಲೆಲ್ಲ ಬೆಳಿಗ್ಗೆಯೋ ಸಂಜೆಯೋ ಕೇಳಿ, ಕೈಗಡಿಯಾರದ ಮುಳ್ಳಿನ ಮೇಲೆ ಬೆರಳಿಟ್ಟು ಖಚಿತ ಮಾಡಿಕೊಳ್ಳಿ. ಮಾತ್ರೆಯ ಕವರಿನ ಮೇಲೆ ‘8’ ಎಂದು ಬರೆಯಲೇಬೇಡಿ, ಅಲ್ಲಿನ ಎಂಟನೇ ಗಂಟೆ ಮಧ್ಯಾಹ್ನ ಎರಡಕ್ಕೆ. ‘ಕುತ್ವಾ ಮಾರಾ ತಾತು’, ದಿನಕ್ಕೆ ಮೂರು ಸಲ, ಎಂದು ಬಾಯಲ್ಲಿ ಹೇಳಿ, ಕವರಿನ ಮೇಲೆ ಹುಟ್ಟುವ ಸೂರ್ಯ, ನೆತ್ತಿಯ ಸೂರ್ಯ, ಚಂದ್ರ ಬಿಡಿಸಿ.

ಬಹಳ ಮಂದಿಗೆ ಗೊತ್ತಿಲ್ಲದ್ದು ಇನ್ನೊಂದಿದೆ. ಸ್ವಾಹಿಲಿಯಲ್ಲಿ ಅವನು, ಅವಳು ಎಂಬ ಭೇದವಿಲ್ಲ, ಎರಡಕ್ಕೂ ‘ಯೇಯೇ’. ಹಾಗಾಗಿ ಒಳ್ಳೆಯ ದುಭಾಷಿಯ ಇಂಗ್ಲಿಷಿನಲ್ಲೂ ‘ಹಿ’, ‘ಶಿ’ ಅದಲುಬದಲಾಗುತ್ತವೆ. ಮಗಳ ಕೆಮ್ಮು ಮಗನ ಚೀಟಿಗೆ ಹೋಗುವುದು ಹೀಗೆ. ರೋಗಿಯ ಹೆಸರನ್ನೇ ಪ್ರತಿ ವಾಕ್ಯದಲ್ಲೂ ಬಳಸಿ. ‘ಇಲ್ಲವಾ’ ಎಂದು ಮುಗಿಯುವ ಪ್ರಶ್ನೆಯನ್ನೂ ಬಿಡಿ. ‘ಮಗು ಹಾಲು ಕುಡಿಯುತ್ತಿಲ್ಲವಾ?’ ಎಂದರೆ ಉತ್ತರ ‘ನ್ದಿಯೋ’, ನೀವು ಹೇಳಿದ್ದು ಸರಿ, ಕುಡಿಯುತ್ತಿಲ್ಲ. ಅದು ಇಂಗ್ಲಿಷಿಗೆ ಬರುವಾಗ ಬರೀ ‘ಯೆಸ್’ ಆಗಿ ಬರುತ್ತದೆ, ಕಾಗದದ ಮೇಲೆ ಮಗು ಹಾಲು ಕುಡಿದುಬಿಡುತ್ತದೆ.

ದುಭಾಷಿಯ ಜೊತೆ ಹಿಂದಿನ ಸಂಜೆಯೇ ಒಂದು ಗಂಟೆ ಕೂತು ರೋಗ, ಔಷಧ, ಬೈಬಲ್ ವಾಕ್ಯಗಳ ಪಟ್ಟಿ ಕೊಡಿ. ಒಂದು ಸಲಕ್ಕೆ ಒಂದೇ ವಾಕ್ಯ ಹೇಳಿ. ಕಣ್ಣು ರೋಗಿಯ ಮೇಲಿರಲಿ, ‘ಅವರನ್ನು ಕೇಳಿ’ ಅನ್ನಬೇಡಿ. ಇಪ್ಪತ್ತು ನಿಮಿಷದ ಪ್ರಸಂಗ ನಲವತ್ತಾಗುತ್ತದೆ, ಆದ್ದರಿಂದ ಹತ್ತು ನಿಮಿಷದ್ದನ್ನೇ ಬರೆದುಕೊಂಡು ಹೋಗಿ. ಒಳನಾಡಿನ ಅಜ್ಜಿಯಂದಿರಿಗೆ ಸ್ವಾಹಿಲಿಯೂ ಎರಡನೇ ಭಾಷೆ. ಮನೆಮಾತು ಸುಕುಮಾ ಇರಬಹುದು, ಮಾಸಾಯಿ ಇರಬಹುದು. ಆಗ ಮಾತು ಇಬ್ಬರು ದುಭಾಷಿಗಳನ್ನು ದಾಟಬೇಕು, ಹಾಸ್ಯ ಗಾದೆ ಯಾವುದೂ ಆ ಕಡೆ ತಲುಪುವುದಿಲ್ಲ. ಕೊನೆಗೆ ‘ಅರ್ಥವಾಯಿತಾ?’ ಎಂದು ಕೇಳುವುದು ದಂಡ, ಎಲ್ಲರೂ ಹೌದು ಅನ್ನುತ್ತಾರೆ. ‘ಮನೆಗೆ ಹೋಗಿ ಹೇಗೆ ಕೊಡುತ್ತೀರಿ, ತೋರಿಸಿ’ ಅನ್ನಿ. ಹೂಂ ಅನ್ನುವಾಗ ತಲೆಯನ್ನು ಅಕ್ಕಪಕ್ಕ ವಾಲಿಸುವ ನಮ್ಮ ಅಭ್ಯಾಸವೂ ಅಲ್ಲಿ ಗೊಂದಲ ಮಾಡುತ್ತದೆ. ಬಾಯಿಬಿಟ್ಟೇ ಹೌದು ಅನ್ನಿ.

ಕನ್ನಡಿಗರಿಗೆ ಒಂದು ಅನುಕೂಲವಿದೆ. ಸ್ವಾಹಿಲಿ ಪದಗಳು ನಮ್ಮವುಗಳಂತೆ ಹೆಚ್ಚುಕಡಿಮೆ ಸ್ವರದಲ್ಲೇ ಮುಗಿಯುತ್ತವೆ, ಕನ್ನಡ ಲಿಪಿಯಲ್ಲಿ ಸಲೀಸಾಗಿ ಬರೆದುಕೊಳ್ಳಬಹುದು. ಕೊನೆಯಿಂದ ಎರಡನೇ ಅಕ್ಷರಕ್ಕೆ ಒತ್ತು ಕೊಟ್ಟರೆ ಸಾಕು. ‘ಮ್ತೋತೋ’ (ಮಗು) ಎಂಬುದನ್ನು ‘ಮುತೋತೋ’ ಮಾಡಬೇಡಿ. ಬಾಸೆಲ್ ಮಿಷನ್ನಿನ ಒಂದೇ ಶಾಲೆಯಲ್ಲಿ ಕಲಿತ ಇಬ್ಬರು ಮಿಷನರಿಗಳಲ್ಲಿ ಕ್ರಾಪ್ಫ್ ಅವರ ಸ್ವಾಹಿಲಿ ನಿಘಂಟು 1882ರಲ್ಲೂ ಕಿಟ್ಟೆಲ್ ಅವರ ಕನ್ನಡ ನಿಘಂಟು 1894ರಲ್ಲೂ ಅಚ್ಚಾದವು. ಎರಡರ ಹಿಂದೆಯೂ ವರ್ಷಗಟ್ಟಲೆ ಕಿವಿಗೊಟ್ಟ ಕೆಲಸವಿದೆ. ನಮಗಿರುವುದು ಎರಡೇ ವಾರ, ಆದರೂ ಜೇಬಿನಲ್ಲೊಂದು ಪುಸ್ತಕ ಇರಲಿ. ಅಂಗಡಿಗೆ ‘ದುಕಾ’, ಗಾಡಿಗೆ ‘ಗಾರಿ’, ಲಕ್ಷಕ್ಕೆ ‘ಲಾಕಿ’ ಎಂದು ಕೇಳಿದಾಗ ಖುಷಿಯಾಗುತ್ತದೆ. ಆದರೆ ಸಂಬಂಧವಾಚಕಗಳಲ್ಲಿ ಜೋಕೆ. ಧಾರವಾಡದವರ ಕಾಕಾ ಅಲ್ಲಿ ಅಣ್ಣ, ‘ದಾದಾ’ ಅಂದರೆ ಅಕ್ಕ, ‘ಮಾಮಾ’ ಅಂದರೆ ತಾಯಿ, ‘ಬಾಬು’ ಅಂದರೆ ಅಜ್ಜ. ಹೆಂಗಸರನ್ನು ಮಗುವಿನ ಹೆಸರು ಸೇರಿಸಿ ‘ಮಾಮಾ ಇಂಥವರು’ ಎಂದು ಕರೆಯುವುದು ರೂಢಿ, ಆದ್ದರಿಂದ ಮೊದಲು ಮಗುವಿನ ಹೆಸರು ಕೇಳಿ.

ಊಟದಲ್ಲಿ ನಮಗೆ ಪಾಠ ಬೇಡ. ಉಗಾಲಿ ಅಂದರೆ ಮೆಕ್ಕೆಜೋಳದ ಹಿಟ್ಟಿನ ಮುದ್ದೆ. ಮನೆಯವರು ನೀರು ಹುಯ್ಯುವಾಗ ಕೈ ತೊಳೆದು, ಬಲಗೈಯಲ್ಲಿ ಉಂಡೆ ಮಾಡಿ, ಹೆಬ್ಬೆರಳಿಂದ ಗುಳಿ ಒತ್ತಿ ಸೊಪ್ಪಿನ ಪಲ್ಯ ಎತ್ತಿಕೊಳ್ಳಬೇಕು. ಮಂಡ್ಯದವರು ಅಭ್ಯಾಸಬಲದಿಂದ ನುಂಗಿಬಿಡುತ್ತಾರೆ, ಅಲ್ಲಿ ಅಗಿಯುತ್ತಾರೆ.

ಭಾನುವಾರ ಲುಥೆರನ್ ಆರಾಧನೆ ಮುಗಿದ ಮೇಲೆ ಕಾಣಿಕೆಯಾಗಿ ಬಂದ ಕೋಳಿ, ಬಾಳೆಗೊನೆ, ಮೊಟ್ಟೆಗಳನ್ನು ಹೊರಗೆ ಏಲಂ ಹಾಕುತ್ತಾರೆ. ನಮ್ಮ ಸುಗ್ಗಿ ಹಬ್ಬದ ಏಲಮ್ಮಿನ ಹಾಗೆಯೇ. ನಿಂತು ಫೋಟೊ ತೆಗೆಯುವ ಬದಲು ಒಂದು ಕಬ್ಬಿನ ಜಲ್ಲೆಗಾದರೂ ಕೂಗಿ. ಬೆರಳಲ್ಲೇ ಎಣಿಕೆ ನಡೆಯುವ ಆ ಗದ್ದಲದಲ್ಲಿ ಭಾಷೆ ಬಾರದವರೂ ಊರವರೊಳಗೆ ಸೇರಿಕೊಳ್ಳುತ್ತಾರೆ. ಖಾಸಗಿಯಾಗಿ ಯಾರಿಗೂ ಹಣ ಕೊಡಬೇಡಿ, ಕೊಡುವುದಿದ್ದರೆ ಸಭಾಪಾಲಕರ ಕಮಿಟಿಗೆ ಕೊಡಿ. ‘ಪ್ರಯತ್ನ ಮಾಡ್ತೀವಿ’ ಎಂಬ ಮಾತು ಎರಡು ಭಾಷೆ ದಾಟುವಷ್ಟರಲ್ಲಿ ‘ಮಾಡ್ತೀವಿ’ ಆಗಿರುತ್ತದೆ. ಬೋರ್‌ವೆಲ್ ವಿಷಯದಲ್ಲಂತೂ ಆ ಮಾತು ಆಡಲೇಬೇಡಿ.

ಹೊರಡುವ ದಿನ ವಾಹನವನ್ನು ಬಾಗಿಲಿಗೆ ತರಿಸಬೇಡಿ. ಅತಿಥಿಯನ್ನು ದಾರಿಯವರೆಗೆ ನಡೆದು ಬಂದು ಬೀಳ್ಕೊಡುವುದಕ್ಕೆ ಅಲ್ಲಿ ಪದವೇ ಇದೆ, ‘ಕುಸಿಂದಿಕೀಜಾ’. ಗಾಡಿ ಅರ್ಧ ಕಿಲೋಮೀಟರ್ ಆಚೆ ನಿಂತಿರಲಿ, ಚೀಲವನ್ನು ಅವರೇ ಹೊತ್ತುಕೊಳ್ಳಲಿ, ವೇಳಾಪಟ್ಟಿಯಲ್ಲಿ ಅರ್ಧ ಗಂಟೆ ಅದಕ್ಕೇ ಬಿಡಿ.