ಈ ಪೀಕ್ ಯಾರದು?

ಕಳೆದ ಮಾಘ ಮಾಸದಲ್ಲಿ ನಮ್ಮ ಪೆಪ್ಟೈಡ್ ಮೇಷ್ಟ್ರು ತೀರಿಕೊಂಡರು. ಕಾಲೇಜಿನ ದಾಖಲೆಗಳಲ್ಲಿ ಅವರಿಗೆ ಬೇರೆ ಹೆಸರಿದೆ. ಆದರೆ 1983ರಿಂದ 1985ರವರೆಗೆ ಇಲ್ಲಿ ಎಂ.ಎಸ್ಸಿ. ಓದಿದ ನಮಗೆ ಆ ಹೆಸರಿನಿಂದ ಅವರನ್ನು ನೆನೆದರೆ ಬೇರೆ ಯಾರನ್ನೋ ನೆನೆದಂತಾಗುತ್ತದೆ. ವೈಕುಂಠ ಸಮಾರಾಧನೆಯ ದಿನ ಒಂದೇ ಪಂಕ್ತಿಯಲ್ಲಿ ಊಟಕ್ಕೆ ಕುಳಿತ ನಾವು ಏಳು ಮಂದಿ ಸಹಪಾಠಿಗಳು, ಅವರು ಯಾವ ಯಾವ ಪಾಠ ಮಾಡಿದ್ದರೆಂದು ನೆನಪಿಸಿಕೊಳ್ಳಲು ಹೋಗಿ ಸೋತೆವು. ಪಠ್ಯಕ್ರಮವೆಲ್ಲ ಅಳಿಸಿಹೋಗಿತ್ತು. ಎಲ್ಲರಲ್ಲೂ ಉಳಿದಿದ್ದುದು ಅವರ ಒಂದೇ ಪ್ರಶ್ನೆ: ‘ಈ ಪೀಕ್ ಯಾರದು?’

ಆ ಪ್ರಶ್ನೆ ಹುಟ್ಟುತ್ತಿದ್ದುದು ವಿಭಾಗದ ಹಿಂಭಾಗದ ಅವಕೆಂಪು (ಇನ್ಫ್ರಾರೆಡ್) ರೋಹಿತ ತೆಗೆಯುವ ಯಂತ್ರದ ಕೋಣೆಯಲ್ಲಿ. ಇಡೀ ಕಟ್ಟಡದಲ್ಲಿ ಹವಾನಿಯಂತ್ರಣವಿದ್ದ ಕೋಣೆ ಅದೊಂದೇ, ಅದೂ ಮನುಷ್ಯರಿಗಾಗಿ ಅಲ್ಲ. ಆ ಯಂತ್ರದಲ್ಲಿ ಬಳಸುತ್ತಿದ್ದ ಕಿಟಕಿಗಳು ಗಾಜಿನವಲ್ಲ, ಉಪ್ಪಿನ ಹರಳಿನವು. ಗಾಜು ಅವಕೆಂಪು ಕಿರಣವನ್ನು ತಡೆಯುತ್ತದೆ, ಉಪ್ಪು ಬಿಡುತ್ತದೆ, ಆದರೆ ಆಷಾಢದ ಗಾಳಿ ತಾಕಿದರೆ ಸಾಕು, ಹರಳು ಮಸುಕಾಗುತ್ತದೆ. ಮೇಷ್ಟ್ರು ಚಪ್ಪಲಿಯನ್ನು ಹೊರಗೆ ಬಿಟ್ಟು ಒಳಗೆ ಬರುತ್ತಿದ್ದರು, ನಾವೂ ಬಿಡುತ್ತಿದ್ದೆವು. ಚಿಟಿಕೆಯಷ್ಟು ಪುಡಿಯನ್ನು ಪೊಟ್ಯಾಷಿಯಂ ಬ್ರೋಮೈಡಿನೊಡನೆ ಅಗೇಟ್ ಕಲ್ಲಿನ ಪುಟ್ಟ ಖಲ್ಲಿನಲ್ಲಿ ಅರೆದು, ಪ್ರೆಸ್ಸಿನಲ್ಲಿ ಒತ್ತಿ, ಕನ್ನಡಕದ ಗಾಜಿನಂತೆ ಪಾರದರ್ಶಕವಾದ ಬಿಲ್ಲೆ ಮಾಡುವುದನ್ನು ಅವರಿಂದ ಕಲಿತವರ ಕೈ ಇಂದಿಗೂ ಅದನ್ನು ಮರೆತಿರಲಾರದು. ಆಮೇಲೆ ಪೆನ್ನು ತರಂಗಸಂಖ್ಯೆ (ಒಂದು ಸೆಂಟಿಮೀಟರಿನಲ್ಲಿ ಹಿಡಿಯುವ ಅಲೆಗಳ ಎಣಿಕೆ) 4000ದಿಂದ ಹೊರಟು, ಹೀರಿಕೆ ಇದ್ದಲ್ಲೆಲ್ಲ ಕೆಳಗಿಳಿದು ಮೇಲೆದ್ದು, ಹತ್ತು ಹನ್ನೆರಡು ನಿಮಿಷಗಳಲ್ಲಿ 600ರ ಬಳಿ ಬಂದು ನಿಲ್ಲುತ್ತಿತ್ತು. ಅಣುವಿನ ಒಂದೊಂದು ಬಗೆಯ ಬಂಧ ತನ್ನ ಕಂಪನಕ್ಕೆ ಹೊಂದುವ ಸಂಖ್ಯೆಯಲ್ಲಿ ಕಿರಣವನ್ನು ಹೀರುತ್ತದೆ; ಚಾರ್ಟಿನಲ್ಲಿ ಅದು ಬಿಡುವ ಗುರುತೇ ಪೀಕ್, ಅಂದರೆ ಪಟ್ಟಿ. ಪ್ರತಿ ದಿನದ ಮೊದಲ ಓಟ ಪಾಲಿಸ್ಟೈರೀನ್ ಹಾಳೆಯದು. ಅದರ 1601ರ ಗೆರೆ ತನ್ನ ಜಾಗದಲ್ಲಿ ಬೀಳದಿದ್ದರೆ ಆ ದಿನ ಬೇರೆ ಕೆಲಸವಿರಲಿಲ್ಲ.

ಅವರ ಸಂಶೋಧನೆ ಪೆಪ್ಟೈಡ್‌ಗಳ, ಅಂದರೆ ಅಮೈನೋ ಆಮ್ಲಗಳು ಕೊಂಡಿಗಳಂತೆ ಸೇರಿ ಆದ ಸರಪಣಿಗಳ, ರಚನೆಯ ಮೇಲೆ. ಹುಡುಗರಾಗಿದ್ದಾಗ ಅವರು ಅಕ್ಟೋಬರ್ 2ರಂದು ರಾಮನ್ ಸಂಶೋಧನಾ ಸಂಸ್ಥೆಯಲ್ಲಿ ಸಿ.ವಿ. ರಾಮನ್ ಅವರ ಗಾಂಧಿ ಸ್ಮಾರಕ ಉಪನ್ಯಾಸಗಳನ್ನು ಕೇಳಿದ್ದರಂತೆ. ಅಣುಗಳ ಕಂಪನದ ಹುಚ್ಚು ಅಲ್ಲಿಂದಲೇ ಹತ್ತಿತೆಂದು ಹೇಳುತ್ತಿದ್ದರು. ರಾಮನ್ ಅವರ ಶಿಷ್ಯರಾದ ಜಿ.ಎನ್. ರಾಮಚಂದ್ರನ್ 1963ರಲ್ಲಿ ಮದರಾಸಿನಲ್ಲಿ ತಮ್ಮ ಸಹೋದ್ಯೋಗಿಗಳೊಡನೆ ಪ್ರಕಟಿಸಿದ, ಪೆಪ್ಟೈಡ್ ಸರಪಣಿ ಯಾವ ಯಾವ ಕೋನಗಳಲ್ಲಿ ಬಾಗಬಲ್ಲದೆಂದು ತೋರಿಸುವ ನಕ್ಷೆ ಅವರ ಮೇಜಿನ ಎದುರಿನ ಗೋಡೆಯಲ್ಲಿತ್ತು. ಆ ನಕ್ಷೆಯಲ್ಲಿ ತಮ್ಮ ಪೆಪ್ಟೈಡ್ ಎಲ್ಲಿ ನಿಂತಿದೆಯೆಂದು ಕಂಪನಗಳಿಂದ ಊಹಿಸುವುದೇ ಅವರ ಕೆಲಸ. ಕೊಂಡಿಗಳನ್ನು ಬೆಸೆಯುವ ಅಮೈಡ್ ಗುಂಪಿನ ಕಾರ್ಬನಿಲ್ (ಇಂಗಾಲ-ಆಮ್ಲಜನಕ) ಬಂಧದ ಹಿಗ್ಗು ಕುಗ್ಗು 1600ರಿಂದ 1700ರ ನಡುವೆ ಕಾಣುತ್ತದೆ. ಸರಪಣಿ ಆಲ್ಫಾ ಸುರುಳಿಯಾಗಿದ್ದರೆ 1650ರಿಂದ 1658ರ ಸುಮಾರಿಗೆ, ಬೀಟಾ ಹಾಳೆಯಾಗಿದ್ದರೆ 1620ರಿಂದ 1640ರ ಕಡೆಗೆ ಸರಿಯುತ್ತದೆ. ಒಮ್ಮೆ ರಾಮನಗರದ ರೇಷ್ಮೆಗೂಡನ್ನು ತಂದು, ಅದರ ಎಳೆಯ ರೋಹಿತದಲ್ಲಿ ಈ ಹಾಳೆಯ ಪಟ್ಟಿಯನ್ನು ನಮಗೆ ತೋರಿಸಿದರು. ನಮ್ಮ ಅಕ್ಕಂದಿರ ಧಾರೆ ಸೀರೆಯಲ್ಲಿ ಇಂಥದ್ದೊಂದು ವ್ಯವಸ್ಥೆ ಮಡಿಸಿ ಕುಳಿತಿದೆಯೆಂದು ತಿಳಿದ ಆ ಮಧ್ಯಾಹ್ನ ನನಗೆ ರಸಾಯನಶಾಸ್ತ್ರ ಪರೀಕ್ಷೆಯ ವಿಷಯವಾಗಿ ಉಳಿಯಲಿಲ್ಲ.

ಇನ್ನು ನಮ್ಮ ತಂಟೆಯ ಸಂಗತಿ. ಮೇಷ್ಟ್ರ ಬಳಿ ಪಿಎಚ್.ಡಿ. ಮಾಡುತ್ತಿದ್ದ ಹಿರಿಯರೊಬ್ಬರು ಆಲ್ಫಾ-ಅಮೈನೋ ಐಸೊಬ್ಯುಟಿರಿಕ್ ಆಮ್ಲವಿರುವ ಮೂರು ಕೊಂಡಿಗಳ ಪೆಪ್ಟೈಡ್ ಒಂದನ್ನು ತಿಂಗಳುಗಟ್ಟಲೆ ಶ್ರಮಪಟ್ಟು ತಯಾರಿಸಿದ್ದರು. ಕೋಣೆಯಲ್ಲಿ ನಮ್ಮನ್ನು ನಿಲ್ಲಗೊಡದ ಅವರ ಮೇಲೆ ನಮಗೆ ಸಿಟ್ಟಿತ್ತು. ಅವರು ಬಿಲ್ಲೆಯನ್ನು ಯಂತ್ರದಲ್ಲಿಟ್ಟು, ಓಟ ಆರಂಭಿಸಿ ಚಹಾಕ್ಕೆ ಹೋದ ಹೊತ್ತಿನಲ್ಲಿ ನಾವು ಮೂವರು ಒಳನುಗ್ಗಿ, ಮುಚ್ಚಳ ತೆರೆದು, ಪೆನ್ನು 2400ನ್ನು ದಾಟುತ್ತಿದ್ದಂತೆ ಒಬ್ಬರಾದ ಮೇಲೊಬ್ಬರು ಬಾಗಿ, ಮಾದರಿಯ ಕಿರಣದ ದಾರಿಗೆ ನೀಳವಾಗಿ ಉಸಿರು ಬಿಟ್ಟೆವು. 2350ರಲ್ಲಿ ಪೆನ್ನು ಬಾವಿಗಿಳಿದಂತೆ ಇಳಿಯಿತು. ಪೆಪ್ಟೈಡಿನಲ್ಲಿ ಯಾವ ಕಾರಣಕ್ಕೂ ಇರಬಾರದ ಪಟ್ಟಿ ಅದು. ಪಾಪ, ಆ ಹಿರಿಯರು ಜೋಡಣೆಗೆ ಬಳಸಿದ ಕಾರ್ಬೊಡೈಇಮೈಡ್ ಉಳಿದುಕೊಂಡಿರಬಹುದೇ ಎಂದು ಶಂಕಿಸಿದರು. ಅದರ ಪಟ್ಟಿ 2120ರ ಬಳಿ ಬರಬೇಕಾದ್ದರಿಂದ ಲೆಕ್ಕ ಹೊಂದಲಿಲ್ಲ. ನೈಟ್ರೈಲ್ ಇರಬಹುದೇ ಎಂದರೆ ಅದು 2250. ಎರಡು ದಿನ ನಿದ್ದೆಗೆಟ್ಟು, ಇದ್ದ ಸ್ವಲ್ಪ ಪದಾರ್ಥವನ್ನೂ ಮತ್ತೆ ಸ್ಫಟಿಕೀಕರಿಸಲು ಕರಗಿಸಿದಾಗ ನಮಗೆ ಭಯ ಹುಟ್ಟಿತು; ಆದರೂ ಬಾಯಿ ಬಿಡಲಿಲ್ಲ.

ಮೇಷ್ಟ್ರು ಚಾರ್ಟನ್ನು ಕಿಟಕಿಯ ಬೆಳಕಿಗೆ ಹಿಡಿದರು. 2350 ಇಂಗಾಲದ ಡೈಆಕ್ಸೈಡಿನದೆಂದು ಅವರಿಗೆ ಕೂಡಲೇ ತಿಳಿಯಿತು, ಅದರಲ್ಲಿ ಹೆಚ್ಚಿನದೇನಿಲ್ಲ. ಆದರೆ ಅವರ ಬೆರಳು ಮುಂದೆ ಸರಿದು 1700ರ ಸುತ್ತ ನಿಂತಿತು; ಅಲ್ಲಿ ಗರಗಸದ ಹಲ್ಲಿನಂತೆ ಸಣ್ಣ ಸಣ್ಣ ಗೆರೆಗಳಿದ್ದವು, ಹಿಂದಿನ ದಿನದ ಚಾರ್ಟಿನಲ್ಲಿ ಇರಲಿಲ್ಲ. ಅದು ನೀರಿನ ಆವಿ. ಡೈಆಕ್ಸೈಡ್ ಬಂದ ಸ್ವಲ್ಪ ಹೊತ್ತಿಗೆ ಆವಿಯೂ ಬಂದಿದೆಯೆಂದರೆ ಯಂತ್ರದ ಹತ್ತಿರ ಯಾರೋ ನಿಂತು ಉಸಿರಾಡಿದ್ದಾರೆ. ಅವರು ತಲೆ ಎತ್ತಿ ನಮ್ಮ ಮೂವರ ಕಡೆಗೆ ನೋಡಿ, ಬೈಯದೆ, ‘ಈ ಪೀಕ್ ಯಾರದಪ್ಪ?’ ಎಂದರು. ಆಗ ತಲೆತಗ್ಗಿಸಿದ್ದು ನನಗೆ ನಲವತ್ತು ವರ್ಷಗಳ ಮೇಲೂ ಹಾಗೆಯೇ ನೆನಪಿದೆ.

ಶಿಕ್ಷೆಯೆಂದು ಅವರು ಕೊಟ್ಟ ಕೆಲಸವೇ ನನ್ನ ಬದುಕನ್ನು ತಿರುಗಿಸಿತು. ಅದೇ ಪೆಪ್ಟೈಡನ್ನು ಕ್ಲೋರೋಫಾರ್ಮಿನಲ್ಲಿ ಕರಗಿಸಿ, ಹಂತ ಹಂತವಾಗಿ ತೆಳುಮಾಡಿ ಅಳೆಯಬೇಕು. ಅಂಗಡಿಯ ಕ್ಲೋರೋಫಾರ್ಮಿನಲ್ಲಿ ಕೆಡದಿರಲೆಂದು ಸೇರಿಸಿದ ಎಥನಾಲ್ ಇರುತ್ತದೆ. ಆ ಎಥನಾಲೇ ಪೆಪ್ಟೈಡನ್ನು ಅಂಟಿಕೊಂಡು ಸುಳ್ಳು ಹೇಳಿಸುತ್ತದೆಯಾದ್ದರಿಂದ ಮೊದಲು ಅಲ್ಯೂಮಿನಾದ ಮೂಲಕ ಸೋಸಬೇಕು. ದ್ರಾವಣ ಹತ್ತು ಪಟ್ಟು ತೆಳುವಾದಾಗ ಕೋಶ 0.1 ಮಿಲಿಮೀಟರಿನಿಂದ 1 ಮಿಲಿಮೀಟರಿಗೆ ದಪ್ಪವಾಗಬೇಕು, ಕಿರಣದ ದಾರಿಯಲ್ಲಿ ಅಷ್ಟೇ ಅಣುಗಳು ಸಿಗುವಂತೆ. ನೋಡಬೇಕಾದ್ದು ಎರಡು ಪಟ್ಟಿ: ಬಿಡಿಯಾಗಿರುವ ಎನ್‌-ಎಚ್ (ಸಾರಜನಕ-ಹೈಡ್ರೋಜನ್) ಗುಂಪಿನದು 3430ರ ಆಸುಪಾಸು, ಹೈಡ್ರೋಜನ್ ಬಂಧದಲ್ಲಿರುವುದು 3350ರ ಆಸುಪಾಸು. ಇದೇಕೆಂದು ಕೇಳಿದಾಗ ಮೇಷ್ಟ್ರು ಬಸವನಗುಡಿಯ ಕಡಲೆಕಾಯಿ ಪರಿಷೆಯ ಮಾತೆತ್ತಿದರು. ಪರಿಷೆಯ ನೂಕುನುಗ್ಗಲಿನಲ್ಲಿ ಯಾರ ಕೈ ಯಾರಿಗೆ ತಾಕಿದೆಯೆಂದು ಹೇಳಲಾಗದು. ಜನ ಚದುರಿದ ಮೇಲೂ ಯಾರು ಕೈ ಹಿಡಿದೇ ನಡೆಯುತ್ತಿದ್ದಾರೋ ಅವರು ಒಂದೇ ಮನೆಯವರು. ಎಷ್ಟು ತೆಳುಮಾಡಿದರೂ ನಮ್ಮ ಪೆಪ್ಟೈಡಿನ 3350ರ ಪಟ್ಟಿ ಕಡಿಮೆಯಾಗಲಿಲ್ಲ. ಅಂದರೆ ಸರಪಣಿ ತನ್ನ ಮೇಲೆ ತಾನೇ ಬಾಗಿ, ತನ್ನದೇ ಕಾರ್ಬನಿಲನ್ನು ಹಿಡಿದಿತ್ತು. ಆ ಹಿರಿಯರೇ ನಮ್ಮ ಬೆನ್ನು ತಟ್ಟಿದರು. ಈ ಬಗೆಯ ಅಮೈನೋ ಆಮ್ಲದ ಪೆಪ್ಟೈಡ್‌ಗಳ ಮೇಲೆ ನಮ್ಮದೇ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಪಿ. ಬಲರಾಂ ಅವರ ಬಳಗ ದೊಡ್ಡ ಕೆಲಸ ಮಾಡುತ್ತಿದೆಯೆಂದು ತಿಳಿದು, ನಾನು ಅಲ್ಲಿನ ಉಪನ್ಯಾಸಗಳಿಗೆ ಬಸ್ಸು ಹಿಡಿದು ಹೋಗತೊಡಗಿದೆ.

ಈಗಿನ ಪ್ರಯೋಗಾಲಯಗಳನ್ನು ನಾನು ಪರೀಕ್ಷಕನಾಗಿ ನೋಡುತ್ತಿರುತ್ತೇನೆ. ವಜ್ರದ ತುದಿಯ ಮೇಲೆ ಪುಡಿ ಒತ್ತಿದರೆ ಅರೆ ನಿಮಿಷದಲ್ಲಿ ರೋಹಿತ ಬರುತ್ತದೆ, ಇದು ಒಳ್ಳೆಯದೇ. ಆದರೆ ಗಾಳಿಯ ಪಟ್ಟಿಗಳನ್ನು ತಂತ್ರಾಂಶವೇ ಅಳಿಸಿಬಿಡುವುದರಿಂದ ಅವು ಅಲ್ಲಿದ್ದವೆಂಬುದೇ ಹುಡುಗರಿಗೆ ಗೊತ್ತಾಗುವುದಿಲ್ಲ. ಒಂದು ಅಗಲವಾದ ಅಮೈಡ್ ಪಟ್ಟಿಯನ್ನು ಐದು ತುಂಡು ಮಾಡಿ, ಸುರುಳಿ ಇಷ್ಟು ಶೇಕಡಾ, ಹಾಳೆ ಇಷ್ಟು ಶೇಕಡಾ ಎಂದು ದಶಾಂಶದವರೆಗೆ ಬರೆದು ತರುತ್ತಾರೆ. ಮಾದರಿಯನ್ನು ಒಣಗಿಸಿದ್ದಿರಾ ಎಂದು ಕೇಳಿದರೆ ಮುಖ ನೋಡುತ್ತಾರೆ. ಕೆಲವೆಡೆ ಪ್ರಾಯೋಗಿಕ ಪರೀಕ್ಷೆಗೂ ಜೆರಾಕ್ಸ್ ಮಾಡಿದ ರೋಹಿತದ ಹಾಳೆಯನ್ನೇ ಕೊಡುತ್ತಾರೆ. ಮಕ್ಕಳ ತಪ್ಪಲ್ಲ, ಒಂದು ವಾರ ತೆಳುಮಾಡುತ್ತಾ ಕೂರುವ ಬಿಡುವನ್ನು ನಾವು ಅವರಿಗೆ ಕೊಟ್ಟಿಲ್ಲ.

ಮೇಷ್ಟ್ರ ಪ್ರಶ್ನೆ ನನಗೆ ಅನ್ನ ಕೊಟ್ಟಿತೆಂದು ಹೆಮ್ಮೆಯಿಂದಲೇ ಹೇಳುತ್ತೇನೆ. 1990ರ ದಶಕದಲ್ಲಿ ನಾನು ಪೆಪ್ಟೈಡ್ ಔಷಧಗಳ ಪ್ರಯೋಗಾಲಯವೊಂದರಲ್ಲಿದ್ದಾಗ, 1673ರಲ್ಲಿ ಕಂಡ ಪಟ್ಟಿಯನ್ನು ಬೀಟಾ ತಿರುವೆಂದು (ಸರಪಣಿ ತಟ್ಟನೆ ಹಿಂದಕ್ಕೆ ಬಾಗುವ ಜಾಗವೆಂದು) ನಮ್ಮ ತಂಡ ವರದಿಯಲ್ಲಿ ಬರೆದಾಗಿತ್ತು. ನನಗೆ ಮಾತ್ರ ನಿದ್ದೆ ಬರಲಿಲ್ಲ. ರಾಳದಿಂದ ಪೆಪ್ಟೈಡನ್ನು ಬಿಡಿಸಲು ಬಳಸುವ ಟ್ರೈಫ್ಲೋರೊಅಸಿಟಿಕ್ ಆಮ್ಲ ಉಪ್ಪಾಗಿ ಉಳಿದುಕೊಂಡರೆ ಅದೂ 1673ರಲ್ಲೇ ಹೀರುತ್ತದೆ. ಒಣಪುಡಿಯ ರೋಹಿತದಲ್ಲಿ 1200 ಮತ್ತು 1140ರ ಸುಮಾರಿಗೆ ಅದರ ಜೊತೆಗಾರ ಪಟ್ಟಿಗಳನ್ನು ಹುಡುಕಿದೆ, ಇದ್ದವು. ದುರ್ಬಲ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಮತ್ತೆ ಮತ್ತೆ ಕರಗಿಸಿ, ಹೆಪ್ಪುಗಟ್ಟಿಸಿ ಒಣಗಿಸಿದ ಮೇಲೆ ಮೂರೂ ಮಾಯವಾದವು. ವರದಿ ಬದಲಾಯಿತು.

ಭಾರಜಲದಲ್ಲಿ ತೆಗೆದ ಹೊಸ ರೋಹಿತದ ಪ್ರತಿಯನ್ನು ಮೇಷ್ಟ್ರಿಗೆ ಅಂಚೆಯಲ್ಲಿ ಕಳಿಸಿದೆ. ಹೊಗಳುತ್ತಾರೆಂದು ನಿರೀಕ್ಷಿಸಿದ್ದೆ. ಮೂರು ವಾರಗಳಾದ ಮೇಲೆ ಅದೇ ಹಾಳೆ, ಮೂರು ಕಡೆ ಪೆನ್ಸಿಲಿನ ಬಾಣದ ಗುರುತಿನೊಡನೆ, ಕೆಳಗೆ ‘ಇವು ಯಾರವು?’ ಎಂಬ ಒಂದೇ ಸಾಲಿನೊಡನೆ ಹಿಂದಿರುಗಿತು. ಮೊದಲನೆಯದು ನಾನು ಯಂತ್ರಕ್ಕೆ ಒಣಗಾಳಿಯನ್ನು ಸಾಕಷ್ಟು ಹೊತ್ತು ಹಾಯಿಸದೆ ಉಳಿದ ನೀರಾವಿಯ ಗೆರೆ. ಎರಡನೆಯದು, 1710ರ ಬಳಿಯದು, ಆಸ್ಪಾರ್ಟಿಕ್ ಆಮ್ಲದ ಪಕ್ಕದ ಗುಂಪಿನದು. 1690ರ ಕಡೆಗೆ ಭುಜದಂತೆ ಬಾಗಿದ ಮೂರನೆಯದರ ಬಗ್ಗೆ ನಾನು ಎರಡು ಬಾರಿ ಪತ್ರ ಬರೆದೆ, ಎರಡು ಬಾರಿಯೂ ಅವರು ಒಪ್ಪಲಿಲ್ಲ. ಆ ಹಾಳೆ ಈಗಲೂ ನನ್ನ ಮೇಜಿನ ಡ್ರಾಯರಿನಲ್ಲಿದೆ. ಬರುವ ತಿಂಗಳು ಅದೇ ಪೆಪ್ಟೈಡನ್ನು ಮತ್ತೊಮ್ಮೆ ಅಳೆಯಲು ಯಂತ್ರದ ಸಮಯ ಕೇಳಿದ್ದೇನೆ.