ನಾನು 13ರಲ್ಲಿ ಒಬ್ಬ, ಅವನು 4ರಲ್ಲಿ ಒಬ್ಬ

ಲಂಡನ್ನಿನ ಬಸ್ ಡಿಪೋ ಒಂದರಲ್ಲಿ ನಾನು ಮೆಕ್ಯಾನಿಕ್. ಕೆಲಸಕ್ಕೆ ಸೇರಿ 14 ವರ್ಷ ಆಯಿತು. ಅಷ್ಟೂ ವರ್ಷ ಪಕ್ಕದ ಪಿಟ್‌ನಲ್ಲಿ, ಅಂದರೆ ಬಸ್ಸಿನಡಿ ನಿಂತು ರಿಪೇರಿ ಮಾಡುವ ಗುಂಡಿಯಲ್ಲಿ, ಕೆಲಸ ಮಾಡಿದವನು ಒಬ್ಬನೇ. ಅವನ ಅಪ್ಪ ಅಮ್ಮ ಜಮೈಕಾದಿಂದ ಬಂದ ಕಪ್ಪು ಜನ. ಇವನು ಇಲ್ಲೇ ಹುಟ್ಟಿದವನು. ಇದನ್ನೆಲ್ಲ ಬರೀಲಾ ಅಂತ ಕೇಳಿದೆ. 'ಬರಿ, ಹೆಸರು ಮಾತ್ರ ಬೇಡ' ಅಂದ.

ಅವನ ಅಪ್ಪನಿಗೆ ಕೊನೆಯ ಎರಡು ವರ್ಷ ಬೆನ್ನು ನೋವು. ಮನೆಯಲ್ಲಿ ಎಲ್ಲರೂ ಅದನ್ನು ಬೆನ್ನು ನೋವು ಅಂತಲೇ ಕರೆಯುತ್ತಿದ್ದರು. ಅದು ಪ್ರಾಸ್ಟೇಟ್ ಕ್ಯಾನ್ಸರ್ (ಗಂಡಸರ ಮೂತ್ರಕೋಶದ ಕೆಳಗಿರುವ ಗ್ರಂಥಿಯದ್ದು), ಮೂಳೆಗೆ ಹರಡಿತ್ತು ಅನ್ನೋದು ಇವನಿಗೆ ಗೊತ್ತಾಗಿದ್ದು ಅಂತ್ಯಕ್ರಿಯೆಯ ದಿನ, ಅತ್ತೆಯ ಬಾಯಲ್ಲಿ. ಮಾರನೇ ವಾರ ಟೀ ಕುಡಿಯುವಾಗ 'ಟೆಸ್ಟ್ ಮಾಡಿಸ್ತೀನಿ, ನೀನೂ ಮಾಡಿಸ್ಕೋ' ಅಂದ. ಆಗ ನನಗೆ 52, ಅವನಿಗೆ 46. ಇಬ್ಬರಿಗೂ ಯಾವ ತೊಂದರೆಯೂ ಇರಲಿಲ್ಲ.

ಅಲ್ಲೇ ಕೂತು ಇಬ್ಬರೂ ನಮ್ಮ ನಮ್ಮ ಡಾಕ್ಟರ್ ಕ್ಲಿನಿಕ್ಕಿಗೆ ಫೋನ್ ಮಾಡಿದೆವು. ನನಗೆ ಎರಡೇ ನಿಮಿಷದಲ್ಲಿ ದಿನ ಸಿಕ್ಕಿತು. ಅವನಿಗೆ ಆ ಕಡೆಯಿಂದ 'ಐವತ್ತು ಆಗಿಲ್ವಲ್ಲ, ಏನಾದ್ರೂ ತೊಂದರೆ ಇದ್ಯಾ?' ಅಂತ ಕೇಳಿದರು. ಇಲ್ಲ ಅಂದ. 'ಹಾಗಾದ್ರೆ ಐವತ್ತಾದ ಮೇಲೆ ಕರೆ ಮಾಡಿ.' ಫೋನ್ ಇಟ್ಟು ಬಿಸ್ಕತ್ತು ಅದ್ದಿಕೊಂಡು ತಿಂದ. ಅಷ್ಟೇ.

ಆ ರಿಸೆಪ್ಷನಿಸ್ಟ್‌ನನ್ನು ಬೈದು ಪ್ರಯೋಜನ ಇಲ್ಲ. ಇಲ್ಲಿನ ಪದ್ಧತಿಯೇ ಹಾಗೆ. 50 ದಾಟಿದ ಯಾವ ಗಂಡಸು ಕೇಳಿದರೂ ಪಿಎಸ್‌ಎ ರಕ್ತಪರೀಕ್ಷೆ ಪುಕ್ಕಟೆಯಾಗಿ ಸಿಗುತ್ತದೆ. ಪಿಎಸ್‌ಎ ಅಂದರೆ ಈ ಗ್ರಂಥಿ ರಕ್ತಕ್ಕೆ ಬಿಡುವ ಒಂದು ಪ್ರೋಟೀನು. ಆದರೆ ಲಕ್ಷಣ ಇಲ್ಲದವರ ಹತ್ತಿರ ಡಾಕ್ಟರು ತಾವಾಗಿ ವಿಷಯ ಎತ್ತುವುದಿಲ್ಲ. ಅದಕ್ಕೂ ಕಾರಣ ಇದೆ. ಪಿಎಸ್‌ಎ ಅಷ್ಟು ನೆಚ್ಚಿಕೊಳ್ಳುವಂಥ ಟೆಸ್ಟ್ ಅಲ್ಲ. ಗ್ರಂಥಿ ಸುಮ್ನೆ ದಪ್ಪ ಆದರೂ ಏರುತ್ತದೆ, ಸೋಂಕಾದರೂ ಏರುತ್ತದೆ. ಸಾಯುವವರೆಗೂ ತೊಂದರೆ ಕೊಡದ ಕ್ಯಾನ್ಸರನ್ನೂ ಹಿಡಿದು ತೋರಿಸಿ ಹೆದರಿಸುತ್ತದೆ. ಎಲ್ಲ ಸರಿ. ಆದರೆ ಈ 50 ಅನ್ನೋ ಗೆರೆ ಯಾರನ್ನು ನೋಡಿ ಎಳೆದಿದ್ದು?

ಇಂಗ್ಲೆಂಡಿನ 2008ರಿಂದ 2010ರ ದಾಖಲೆಗಳನ್ನು ಇಟ್ಟುಕೊಂಡು ಮಾಡಿದ ಒಂದು ಲೆಕ್ಕ ಇದೆ. ಜೀವಮಾನದಲ್ಲಿ ಈ ಕ್ಯಾನ್ಸರ್ ಪತ್ತೆಯಾಗೋದು ಬಿಳಿಯರಲ್ಲಿ 8ಕ್ಕೆ ಒಬ್ಬನಿಗೆ. ಕಪ್ಪು ಗಂಡಸರಲ್ಲಿ 4ಕ್ಕೆ ಒಬ್ಬನಿಗೆ. ನಮ್ಮಂಥ ಏಷ್ಯನ್ನರಲ್ಲಿ 13ಕ್ಕೆ ಒಬ್ಬನಿಗೆ. ಅಪ್ಪನಿಗೋ ಅಣ್ಣತಮ್ಮನಿಗೋ ಬಂದಿದ್ದರೆ ಅಪಾಯ ಇನ್ನೂ ಜಾಸ್ತಿ. ಅಂದರೆ ಆ ಟೀ ಮೇಜಿನಲ್ಲಿ ಕಡಿಮೆ ಅಪಾಯದ ನನಗೆ ಬಾಗಿಲು ತೆರೆಯಿತು, ಜಾಸ್ತಿ ಅಪಾಯದ ಅವನಿಗೆ ಮುಚ್ಚಿತು.

ತಮಾಷೆ ಏನು ಗೊತ್ತಾ? ಈ ದೇಶದಲ್ಲಿ ಯಾವ ಫಾರ್ಮ್ ತಗೊಂಡರೂ ಜನಾಂಗ ಯಾವುದು ಅಂತ ಕೇಳುತ್ತಾರೆ. ಕ್ಲಿನಿಕ್ಕಿಗೆ ಸೇರುವಾಗಲೂ ಟಿಕ್ ಹಾಕಿದ್ದೆವು. ನಾನು 'ಇಂಡಿಯನ್', ಅವನು 'ಕೆರಿಬಿಯನ್'. ಆ ಟಿಕ್ ಕಂಪ್ಯೂಟರಿನಲ್ಲೇ ಇತ್ತು. ಬೇಕಾದ ದಿನ ಅದನ್ನು ಯಾರೂ ನೋಡಲಿಲ್ಲ.

ನನ್ನ ಟೆಸ್ಟಿನ ಕಥೆ ಚಿಕ್ಕದು. ನರ್ಸ್ 'ಎರಡು ದಿನದಲ್ಲಿ ಸೈಕಲ್ ಹೊಡೆದಿದ್ದೀರಾ?' ಅಂದಳು. ಹೊರಗೆ ಕಂಬಕ್ಕೆ ಬೀಗ ಹಾಕಿ ಬಂದಿದ್ದೆ! ಸೈಕಲ್ ಸೀಟಿನ ಒತ್ತಡಕ್ಕೂ ಪಿಎಸ್‌ಎ ಏರಬಹುದಂತೆ. ಆ 48 ಗಂಟೆಯಲ್ಲಿ ಇನ್ನೊಂದೂ ಮಾಡಿರಬಾರದು. ಅದನ್ನೂ ಕೇಳಿದಳು, ನಾನು ಗೋಡೆ ನೋಡುತ್ತಾ ಉತ್ತರ ಕೊಟ್ಟೆ. ಮುಂದಿನ ವಾರ ಬಸ್ಸಿನಲ್ಲಿ ಹೋದೆ. ಫಲಿತಾಂಶ 1.2. ನೆಮ್ಮದಿ.

ಅವನನ್ನು ಎರಡನೇ ಸಲ ಫೋನ್ ಮಾಡಿಸೋದಕ್ಕೆ ನನಗೆ ತಿಂಗಳೇ ಹಿಡಿಯಿತು. ಈ ಸಲ ಡಾಕ್ಟರನ್ನೇ ಕೇಳಿಕೊಂಡು ಅಪ್ಪನ ವಿಷಯ ಹೇಳಿದ. ಮರುಮಾತಿಲ್ಲದೆ ರಕ್ತ ತೆಗೆದರು. 3.4 ಬಂತು. ಕೇಳೋಕೆ ಸಣ್ಣ ಸಂಖ್ಯೆ, ಅಲ್ವಾ? ಆದರೆ 40ರಿಂದ 49ರ ವಯಸ್ಸಿನವರಿಗೆ ಇಲ್ಲಿ 2.5 ದಾಟಿದರೇ ಎಚ್ಚರದ ಗಂಟೆ. ಮೊದಲು ಎಂಆರ್‌ಐ, ಆಮೇಲೆ ಬಯಾಪ್ಸಿ. ಕ್ಯಾನ್ಸರ್ ಇತ್ತು. ಅದು ಎಷ್ಟು ಉಗ್ರ ಅಂತ ಹೇಳುವ ಗ್ಲೀಸನ್ ಅಂಕ 3+4, ಅಂದರೆ ನಡುಮಟ್ಟದ್ದು. ಗ್ರಂಥಿಯ ಒಳಗೇ ಇತ್ತು, ಹೊರಗೆ ದಾಟಿರಲಿಲ್ಲ. ಐವತ್ತರವರೆಗೆ ಕಾದಿದ್ದರೆ ಏನಾಗುತ್ತಿತ್ತು ಅಂತ ಅವನು ಕೇಳಲಿಲ್ಲ. ನಾನೂ ಬಾಯಿ ಬಿಡಲಿಲ್ಲ.

ಆಮೇಲೆ ರಾತ್ರಿ ಕೂತು ಓದಲು ಶುರು ಮಾಡಿದೆ. ಮೇಲಿನ ಲೆಕ್ಕದಲ್ಲೇ ಇನ್ನೊಂದು ಸಾಲು ಕಂಡಿತು. ಈ ಕಾಯಿಲೆಯಿಂದ ಸಾಯುವವರು ಬಿಳಿಯರಲ್ಲಿ 24ಕ್ಕೆ ಒಬ್ಬ, ಕಪ್ಪು ಗಂಡಸರಲ್ಲಿ 12ಕ್ಕೆ ಒಬ್ಬ, ನಮ್ಮವರಲ್ಲಿ 44ಕ್ಕೆ ಒಬ್ಬ. ಭಾಗಿಸಿ ನೋಡಿ. ಮೂರೂ ಕಡೆ ಪತ್ತೆಯಾದವರಲ್ಲಿ ಹೆಚ್ಚೂಕಡಿಮೆ ಮೂರರಲ್ಲಿ ಒಂದು ಪಾಲು. ನಾನು ಅಂದುಕೊಂಡಿದ್ದೇ ಬೇರೆ. ಕಪ್ಪು ಗಂಡಸರಿಗೆ ಬಂದರೆ ಉಗ್ರವಾಗಿಯೇ ಬರುತ್ತದೆ, ಏನೂ ಮಾಡೋಕಾಗಲ್ಲ ಅನ್ನೋ ಮಾತು ಡಿಪೋದಲ್ಲೂ ಕೇಳಿದ್ದೆ. ಲೆಕ್ಕ ಹಾಗೆ ಹೇಳುವುದಿಲ್ಲ. ಬರೋದೇ ಜಾಸ್ತಿ ಜನಕ್ಕೆ. ಕಾರಣದಲ್ಲಿ ಜೀನ್‌ಗಳ ಪಾಲೂ ಇದೆ. ಎಂಟನೇ ಕ್ರೋಮೋಸೋಮಿನ ಒಂದು ಭಾಗದಲ್ಲಿರುವ ಕೆಲವು ವ್ಯತ್ಯಾಸಗಳು ಆಫ್ರಿಕಾ ಮೂಲದವರಲ್ಲಿ ಹೆಚ್ಚು. ಅಮೆರಿಕದಲ್ಲಿ ಸೈನಿಕರಾಗಿದ್ದವರಿಗೆ ಸರ್ಕಾರವೇ ನಡೆಸುವ ಆಸ್ಪತ್ರೆಗಳಿವೆ. ಅಲ್ಲಿ ಎಲ್ಲರಿಗೂ ಒಂದೇ ಥರದ ಚಿಕಿತ್ಸೆ ಸಿಕ್ಕಾಗ ಕಪ್ಪು, ಬಿಳಿ ರೋಗಿಗಳ ನಡುವಿನ ಸಾವಿನ ಅಂತರ ಬಹುಮಟ್ಟಿಗೆ ಅಳಿಸಿಹೋಗಿದೆ.

ಸಿಟ್ಟು ಬಂದಿದ್ದು ಇನ್ನೊಂದಕ್ಕೆ. ಬ್ರಿಟನ್ನಿನ ಪ್ರೊಟೆಕ್ಟ್ ಅನ್ನೋ ದೊಡ್ಡ ಅಧ್ಯಯನಕ್ಕೆ 1999ರಿಂದ 2009ರವರೆಗೆ ಜನರನ್ನು ಸೇರಿಸಿಕೊಂಡರು. ಚಿಕಿತ್ಸೆಯ ಎಷ್ಟೋ ತೀರ್ಮಾನ ಅದರ ಮೇಲೆ ನಿಂತಿದೆ. ಅದರಲ್ಲಿದ್ದವರು ಬಹುತೇಕ ಎಲ್ಲರೂ ಬಿಳಿಯರು. ಕೇಳದೇ ಇದ್ದವರ ಬಗ್ಗೆ ಉತ್ತರ ಎಲ್ಲಿಂದ ಬರಬೇಕು? ಈಗ ಈ ಕ್ಯಾನ್ಸರನ್ನು ಬೇಗ ಪತ್ತೆ ಮಾಡುವ ಒಳ್ಳೆಯ ದಾರಿ ಹುಡುಕೋಕೆ ಟ್ರಾನ್ಸ್‌ಫಾರ್ಮ್ ಅಂತ 4.2 ಕೋಟಿ ಪೌಂಡಿನ ಹೊಸ ಅಧ್ಯಯನ ಶುರುವಾಗಿದೆ. ಕರೆಯುವ ಹತ್ತು ಜನರಲ್ಲಿ ಒಬ್ಬನಾದರೂ ಕಪ್ಪು ಗಂಡಸಾಗಿರಬೇಕು, ಅವರನ್ನು 45ರಿಂದಲೇ ಕರೆಯಬೇಕು ಅಂತ ಮೊದಲೇ ಬರೆದಿಟ್ಟಿದ್ದಾರೆ. ಫಲಿತಾಂಶಕ್ಕೆ ವರ್ಷಗಟ್ಟಲೆ ಕಾಯಬೇಕು.

ಅವನು ಆಪರೇಷನ್ ಮಾಡಿಸಿಕೊಂಡು ಮತ್ತೆ ಪಿಟ್‌ಗೆ ಬಂದಿದ್ದಾನೆ. ಭಾರ ನಾನು ಎತ್ತುತ್ತೇನೆ. ಕೆಮ್ಮಿದರೆ ಇನ್ನೂ ಸ್ವಲ್ಪ ಮೂತ್ರ ಸೋರುತ್ತದೆ. ಅದಕ್ಕೆ ಲಾಕರಿನಲ್ಲಿ ಗ್ಲೌಸಿನ ಪಕ್ಕ ಪ್ಯಾಡಿನ ಪ್ಯಾಕೆಟ್ ಇಟ್ಟಿರುತ್ತಾನೆ, ಬಾಗಿಲು ಮುಚ್ಚುವುದೂ ಇಲ್ಲ. ಮೊನ್ನೆ ಘಾನಾ ಮೂಲದ ಡ್ರೈವರ್ ಒಬ್ಬ ಅದನ್ನು ನೋಡಿ 'ಏನಪ್ಪಾ ಇದು, ಮಗುವಿಗಾ?' ಅಂತ ನಕ್ಕ. ವಯಸ್ಸು ನಲವತ್ತನಾಲ್ಕೋ ಏನೋ. ಇವನು ನಗಲಿಲ್ಲ. ಸ್ಟೂಲ್ ಎಳೆದು ಅವನನ್ನು ಕೂರಿಸಿ, ಅಪ್ಪನ ಬೆನ್ನು ನೋವಿನಿಂದ ಶುರು ಮಾಡಿದ. ಆ ಬಸ್ಸು ಇಪ್ಪತ್ತು ನಿಮಿಷ ತಡವಾಗಿ ಹೊರಟಿತು.