ಗಿಟಾರಿನವರ ಪಕ್ಕದ ಕುರ್ಚಿ

ಸ್ಕಾಟ್ಲೆಂಡಿನ ಅಬರ್ಡೀನ್‌ನಿಂದ ಸಂಜೆ 7ಕ್ಕೆ ಬಿಡೋ ಹಡಗು ಮಾರನೇ ದಿನ ಬೆಳಿಗ್ಗೆ ಏಳೂವರೆಗೆ ಶೆಟ್‌ಲ್ಯಾಂಡ್ ದ್ವೀಪಗಳ ಮುಖ್ಯ ಊರು ಲರ್ವಿಕ್ ಮುಟ್ಟುತ್ತೆ, ಅಂದ್ರೆ ರಾತ್ರಿ ಪೂರ್ತಿ ಸಮುದ್ರದ ಮೇಲೇನೇ. ಅಲ್ಲಿನ ಜಾನಪದ ಸಂಗೀತದ ಹಬ್ಬ, ಶೆಟ್‌ಲ್ಯಾಂಡ್ ಫೋಕ್ ಫೆಸ್ಟಿವಲ್‌ಗೆ ಅಂತ ರಜೆ ಹಾಕಿ ಹೊರಟಿದ್ದೆ, ಹಡಗಲ್ಲಿ ಚೆನ್ನಾಗಿ ನಿದ್ದೆ ಹೊಡೆದು ಬೆಳಿಗ್ಗೆ ಫ್ರೆಶ್ ಆಗಿ ಇಳಿಯೋಣ ಅನ್ನೋದು ನನ್ನ ಪ್ಲಾನು. ಬಂದರು ದಾಟಿ ಅರ್ಧ ಗಂಟೆ ಆಗಿಲ್ಲ, ಬಾರ್ ಕಡೆಯಿಂದ ಪಿಟೀಲು ಶುರು ಆಯ್ತು. ಒಂದಲ್ಲ, ಆರೋ ಏಳೋ. ಹಬ್ಬದಲ್ಲಿ ನುಡಿಸೋಕೆ ಬರೋರೂ ನಮ್ಮ ಜೊತೆ ಇದೇ ಹಡಗಲ್ಲೇ ಬರ್ತಾರೆ, ಅವರಿಗೆ ಸ್ಟೇಜ್ ತನಕ ಕಾಯೋ ತಾಳ್ಮೆ ಇಲ್ಲ ಅಷ್ಟೇ.

ಒಂದು ವಿಷ್ಯ ಮೊದ್ಲೇ ಹೇಳ್ಬಿಡ್ತೀನಿ, ಚಿಕ್ಕೋನಿದ್ದಾಗ ಎಂಟು ವರ್ಷ ಮೃದಂಗ ಕಲಿತು ಆಮೇಲೆ ಬಿಟ್ಟವನು ನಾನು. ಬಿಟ್ರೂ ಬೆರಳಿಗೆ ಹತ್ತಿದ ಚಟ ಹೋಗಲ್ಲ. ಅವರು ಒಂದು ಜಿಗ್ ಎತ್ಕೊಂಡ್ರು, ಜಿಗ್ ಅಂದ್ರೆ ಕುಣಿತದ ಒಂದು ಟ್ಯೂನು, ಎರಡು ಏಟು, ಒಂದೊಂದು ಏಟಿಗೂ ಮೂರು ಮೂರು, ತಕಿಟ ತಕಿಟ ಅಂತ ಅಪ್ಪಟ ತಿಸ್ರ, ಇನ್ನೇನು ಬೇಕು, ನನ್ನ ಕೈ ತಾನಾಗೇ ಟೇಬಲ್ ಮೇಲೆ ಹೋಯ್ತು. ಎರಡು ಸುತ್ತು ಬಾರಿಸಿದ್ದೆ ಅಷ್ಟೇ. ಒಬ್ರು ಅಜ್ಜಿ ಪಿಟೀಲು ನಿಲ್ಲಿಸದೇನೇ ನನ್ನ ಕೈ ನೋಡಿದ್ರು, ಆಮೇಲೆ ಮುಖ ನೋಡಿದ್ರು, ಆಮೇಲೆ ನಕ್ಕರು. ಆ ನಗು ಬಹಳ ಮರ್ಯಾದೆಯ ನಗು, ಆದ್ರೆ ಅದರ ಅರ್ಥ ಯಾವ ಭಾಷೆಯಲ್ಲಾದ್ರೂ ಒಂದೇ. ಕೈ ತೆಗೆದು ತೊಡೆ ಮೇಲೆ ಇಟ್ಕೊಂಡೆ.

ಪಕ್ಕದಲ್ಲಿ ಗಿಟಾರ್ ಹಿಡ್ಕೊಂಡಿದ್ದವರು, ಐವತ್ತು ದಾಟಿರ್ಬೇಕು, ಮೆಲ್ಲಗೆ ಕುರ್ಚಿ ಸರಿಸಿ ನಂಗೆ ಜಾಗ ಮಾಡಿಕೊಟ್ರು. ಆ ಜಾಗ ನಾಲ್ಕು ದಿನ ಬಿಡ್ಲಿಲ್ಲ ನಾನು.

ಯಾಕಂದ್ರೆ ನೋಡಿ, ಎಲ್ರೂ ಪಿಟೀಲಿನವರನ್ನ ನೋಡ್ತಾರೆ. ಶೆಟ್‌ಲ್ಯಾಂಡ್ ಅಂದ್ರೇನೇ ಪಿಟೀಲು. 1469ರ ತನಕ ಈ ದ್ವೀಪಗಳು ನಾರ್ವೆ ಕಡೆ ಇದ್ದಿದ್ದು, ರಾಜಕುಮಾರಿ ಮದುವೆಗೆ ಕೊಡ್ಬೇಕಾದ ವರದಕ್ಷಿಣೆ ದುಡ್ಡು ಹೊಂದಿಸೋಕಾಗದೆ ಅಡ ಇಟ್ಟು ಸ್ಕಾಟ್ಲೆಂಡ್ ಪಾಲಾಗಿದ್ದು (ವರದಕ್ಷಿಣೆ ಕಥೆ ಎಲ್ಲಿ ಹೋದ್ರೂ ತಪ್ಪಲ್ಲ). ಆ ಕಡೆ ಗಾಳಿ ಪಿಟೀಲಿನಲ್ಲೂ ಇದೆ, ನುಡಿಸೋ ತಂತಿ ಜೊತೆ ಪಕ್ಕದ ತಂತೀನೂ ತೆರೆದು ಬಿಟ್ಟು ಗುಂಯ್ ಅನ್ನಿಸ್ತಾರೆ, ತಂಬೂರಿ ಬೇರೆ ಬೇಡ. ಇದನ್ನೆಲ್ಲ ಉಳಿಸಿ ಶಾಲೆ ಮಕ್ಕಳಿಗೆ ಕಲಿಸಿದ ದೊಡ್ಡ ಗುರು ಅಂದ್ರೆ ಟಾಮ್ ಆಂಡರ್ಸನ್, ಅವರ ಶಿಷ್ಯ ಆಲಿ ಬೇನ್ ಹೆಸರು ಈ ಸಂಗೀತ ಕೇಳೋರಿಗೆಲ್ಲ ಗೊತ್ತು. ಸರಿ, ಒಪ್ದೆ. ಆದ್ರೆ ನನ್ನಂಥ ಪಕ್ಕವಾದ್ಯದವನ ಕಣ್ಣು ಹೋಗೋದು ಪಕ್ಕಕ್ಕೇನೇ.

ಆಫೀಸಲ್ಲಿ ಎಲ್ರೂ ಕೇಳೋ ಪ್ರಶ್ನೆ, ಅವರ ಸಂಗೀತದಲ್ಲಿ ಮನೋಧರ್ಮ, ಅಂದ್ರೆ ಕೂತಲ್ಲೇ ಹೊಸದಾಗಿ ಕಟ್ಟಿ ನುಡಿಸೋದು, ಇದ್ಯಾ, ಇಲ್ಲ ಬಾಯಿಪಾಠ ಒಪ್ಪಿಸ್ತಾರಾ ಅಂತ. ಒಂದು ಟ್ಯೂನ್ ಅಂದ್ರೆ ಸಾಮಾನ್ಯವಾಗಿ ಎಂಟು ಬಾರ್ (ಕುಡಿಯೋ ಬಾರ್ ಅಲ್ಲ, ನಮ್ಮ ತಾಳದ ಆವರ್ತ ಇದ್ದ ಹಾಗೆ) ಎರಡು ಸಲ, ಮತ್ತೆ ಬೇರೆ ಎಂಟು ಬಾರ್ ಎರಡು ಸಲ, ಒಟ್ಟು 32. ಅದನ್ನ ಎರಡು ಮೂರು ಸುತ್ತು ನುಡಿಸಿ, ಯಾರೋ ಒಬ್ರು ತಲೆ ಎತ್ತಿ 'ಹಪ್' ಅಂತಾರೆ, ಅಲ್ಲಿಂದ ಒಂದು ಕ್ಷಣಾನೂ ನಿಲ್ಲಿಸದೆ ಎಲ್ರೂ ಬೇರೆ ಟ್ಯೂನ್‌ಗೆ ಹಾರ್ತಾರೆ. ಪಿಟೀಲು, ಅಕಾರ್ಡಿಯನ್, ಕೊಳಲು ಎಲ್ಲ ಅದೇ ಸ್ವರ, ಒಂದು ಗಮಕ ಆ ಕಡೆ, ಒಂದು ಬಿಲ್ಲು ಈ ಕಡೆ, ಅಷ್ಟೇ ವ್ಯತ್ಯಾಸ. ರಾಗ ಆಲಾಪನೆ ಮಾಡ್ತಾರೆ ಅಂತ ಕಾಯ್ಕೊಂಡು ಕೂತ್ರೆ ಬೆಳಗಾಗುತ್ತೆ. ಹಾಗಾದ್ರೆ ಮನೋಧರ್ಮ ಎಲ್ಲೋಯ್ತು? ಗಿಟಾರ್‌ಗೆ ಹೋಯ್ತು! ನಂಗೆ ಇದು ಹೊಳೆದಿದ್ದು ಹಡಗಿನ ಬಾರಲ್ಲಿ, ರಾತ್ರಿ ಹನ್ನೊಂದರ ಮೇಲೆ, ಹಡಗು ಓಲಾಡ್ತಾ ನನ್ನ ಹೊಟ್ಟೇನೂ ಓಲಾಡ್ತಿದ್ದಾಗ. ಪಿಟೀಲಿನವರು ಡಿ ಮೇಜರಲ್ಲಿ ಒಂದು ರೀಲ್ ನುಡಿಸ್ತಿದ್ರು (ಜಿಗ್‌ಗೆ ಮೂರು ಮೂರಾದ್ರೆ ರೀಲ್‌ಗೆ ನಾಲ್ಕು ನಾಲ್ಕು), ಮೂರನೇ ಸುತ್ತಿಗೆ ಗಿಟಾರಿನವರು ಕೆಳಗಡೆ ಬಿ ಮೈನರ್ ಕಾರ್ಡು ಹಿಡಿದ್ರು, ಕಾರ್ಡು ಅಂದ್ರೆ ಒಟ್ಟಿಗೆ ಮೀಟೋ ಸ್ವರಗಳ ಗೊಂಚಲು. ಮೇಲಿನ ಸ್ವರ ಒಂದೂ ಬದಲಾಗಿಲ್ಲ. ಆದ್ರೂ ನಮ್ಮ ಗ್ರಹಭೇದ ಮಾಡಿದ ಹಾಗೆ, ಶಂಕರಾಭರಣದ ಕೆಳಗಿಂದ ಷಡ್ಜಾನ ಮೆಲ್ಲಗೆ ಜರುಗಿಸಿಬಿಟ್ರೆ ನಠಭೈರವಿ ಮೋಡ ಕವಿಯುತ್ತಲ್ಲ, ಥೇಟ್ ಹಾಗೇ ಆಯ್ತು. ಕುಣಿಯೋ ಟ್ಯೂನು ಅಳೋ ಟ್ಯೂನಾಯ್ತು. ಪಿಟೀಲಿನ ಅಜ್ಜಿ ಕಣ್ಣು ಮುಚ್ಕೊಂಡೇ ಹುಬ್ಬು ಏರಿಸಿದ್ರು.

ಇನ್ನೊಂದು ಹೊಟ್ಟೆಕಿಚ್ಚಿನ ವಿಷ್ಯ, ಆ ಮನುಷ್ಯನಿಗೆ ಅರ್ಧಕ್ಕರ್ಧ ಟ್ಯೂನ್ ಗೊತ್ತೇ ಇರ್ಲಿಲ್ಲ. ಕೇಳಿದೆ, ಹೇಗೆ ಮತ್ತೆ ಅಂತ. ಮೊದಲ ಎಂಟು ಬಾರ್ ಸುಮ್ನೆ ಕೇಳಿಸ್ಕೋತೀನಿ, ಎರಡನೇ ಎಂಟಕ್ಕೆ ಕೆಳಗಿನ ತಂತಿ ಮಾತ್ರ ಮುಟ್ತೀನಿ, ಅಷ್ಟೊತ್ತಿಗೆ ಅದು ಎಲ್ಲಿಗೆ ಹೋಗುತ್ತೆ ಅಂತ ಗೊತ್ತಾಗಿರುತ್ತೆ, ಗೊತ್ತಾಗ್ಲಿಲ್ಲ ಅಂದ್ರೆ ಮತ್ತೂ ಸುಮ್ನಿರ್ತೀನಿ ಅಂದ್ರು. ಮತ್ತೂ ಸುಮ್ನಿರೋದು. ಇದನ್ನ ನಂಗೆ ಎಂಟು ವರ್ಷ ಹೇಳಿ ಹೇಳಿ ನನ್ನ ಮೇಷ್ಟ್ರು ಸುಸ್ತಾಗಿದ್ರು.

ಲರ್ವಿಕ್‌ನಲ್ಲಿ ಇಳಿದ ಮೇಲೆ ಕಲಾವಿದರನ್ನ ಹೋಟೆಲ್‌ಗೆ ಕರ್ಕೊಂಡು ಹೋಗಲ್ಲ, ಊರವರ ಮನೆಗಳಿಗೆ ಹಂಚ್ತಾರೆ. 1981ರಲ್ಲಿ ಶುರುವಾದ ಹಬ್ಬ, ನಡೆಸೋರು ಸ್ವಯಂಸೇವಕರು, ಟಿಕೆಟ್ ಹರಿಯೋರಿಂದ ಹಿಡಿದು ಬ್ಯಾಂಡ್‌ನ ಕಾರಲ್ಲಿ ಬಿಟ್ಟು ಬರೋರ ತನಕ. ನಮ್ಮ ಗಿಟಾರಿನವರಿಗೆ ಸಿಕ್ಕಿದ ಮನೆ ಯಜಮಾನ ಸ್ಕೂಲ್ ಬಸ್ ಓಡಿಸೋರು, ಮನೇಲಿ ಅಕಾರ್ಡಿಯನ್ ನುಡಿಸ್ತಾರೆ, ಮಧ್ಯಾಹ್ನದ ನಿದ್ದೆ ಮಾಡೋಕೆ ಬಿಡ್ಲಿಲ್ಲ ಅಂತ ದೂರು ಹೇಳ್ತಿದ್ರು, ದೂರಲ್ಲಿ ಖುಷೀನೇ ಜಾಸ್ತಿ ಇತ್ತು.

ಲರ್ವಿಕ್ ಕಛೇರಿಗಳ ಬಗ್ಗೆ ಜಾಸ್ತಿ ಬರೆಯಲ್ಲ, ಚೆನ್ನಾಗಿದ್ವು, ದೊಡ್ಡ ಸ್ಪೀಕರ್, ದೊಡ್ಡ ಲೈಟು. ಶುಕ್ರವಾರ ನಾವು ಹೋಗಿದ್ದು ಯೆಲ್ ಅನ್ನೋ ದ್ವೀಪದ ಕಲಿವೋ ಹಾಲ್‌ಗೆ. ರಸ್ತೆ ಮುಗಿಯೋ ಟಾಫ್ಟ್‌ನಲ್ಲಿ ಬಸ್ಸೇ ಫೆರಿ ಹತ್ತುತ್ತೆ, ಇಪ್ಪತ್ತು ನಿಮಿಷ ನೀರು, ಆಮೇಲೆ ದ್ವೀಪದ ಉದ್ದಕ್ಕೂ ಉತ್ತರ ತುದಿ ತನಕ, ಮರ ಅನ್ನೋದು ಹುಡುಕಿದ್ರೂ ಸಿಗಲ್ಲ, ಕುರಿ ಮತ್ತು ಗಾಳಿ. ಹಾಲ್ ಒಳಗೆ ಮಾತ್ರ ಇಡೀ ದ್ವೀಪಾನೇ ಬಂದು ಕೂತಿದೆಯೇನೋ ಅನ್ನೋ ಹಾಗಿತ್ತು. ಇಂಟರ್ವಲ್‌ನಲ್ಲಿ ಟೀ, ಸ್ಯಾಂಡ್‌ವಿಚ್, ಮನೇಲಿ ಮಾಡಿ ತಂದ ಕೇಕು, ರಾಫಲ್ ಅನ್ನೋ ಲಾಟರಿ ಬೇರೆ (ಏನೂ ಬರ್ಲಿಲ್ಲ, ನಂಗೆ ಯಾವತ್ತೂ ಬರಲ್ಲ).

ಬಸ್ಸಲ್ಲೇ ಗಿಟಾರಿನವರು ಹೇಳಿದ್ರು, ಇವತ್ತು ನಾನು ನಮ್ಮ ಯಾತ್ರಾಸ್ಥಳಕ್ಕೆ ಹೋಗ್ತಿದೀನಿ ಅಂತ. ಶೆಟ್‌ಲ್ಯಾಂಡಿನ ದೊಡ್ಡ ಗಿಟಾರ್ ವಾದಕ ಪೀರಿ ವಿಲ್ಲಿ ಜಾನ್ಸನ್ ಹುಟ್ಟಿದ್ದು ಯೆಲ್‌ನಲ್ಲಿ, 1920ರಲ್ಲಿ. ಪೀರಿ ಅಂದ್ರೆ ಅಲ್ಲಿನ ಮಾತಲ್ಲಿ ಚಿಕ್ಕದು, ಪುಟ್ಟದು, ಹಾಗಾಗಿ ಪುಟ್ಟ ವಿಲ್ಲಿ ಅನ್ನಿ. ಹುಡುಗ ಇದ್ದಾಗ ಶಾರ್ಟ್‌ವೇವ್ ರೇಡಿಯೋದಲ್ಲಿ ಅಮೆರಿಕದ ಜ್ಯಾಝ್ ಕೇಳಿ ಕೇಳಿ ಅದನ್ನ ತಂದು ಶೆಟ್‌ಲ್ಯಾಂಡ್ ಪಿಟೀಲಿನ ಕೆಳಗೆ ಹಾಸಿಬಿಟ್ರು. ಒಂದು ಏಟಿಗೆ ಕೆಳಗಿನ ತಂತಿ, ಮುಂದಿನದಕ್ಕೆ ಕಾರ್ಡು, ಆ ನಡೆಗೆ ಅಲ್ಲಿನವರೇ ಇಟ್ಟ ಹೆಸರು ಡಮ್-ಚಕ್, ನಮ್ಮ ಮೃದಂಗದ ಸೊಲ್ಕಟ್ಟು (ಬಾಯಲ್ಲಿ ಹೇಳೋ ತಕಿಟ ತಕಧಿಮಿ) ತರಾನೇ ಇದೆ ನೋಡಿ! ಕೆಳಗಿನ ತಂತಿ ಒಂದೇ ಕಡೆ ನಿಲ್ಲಲ್ಲ, ಏಟಿಗೊಂದು ಮೆಟ್ಟಿಲು ಹತ್ತುತ್ತೆ ಇಳಿಯುತ್ತೆ, ಕಾರ್ಡೂ ಜೊತೆಗೇ ಬದಲಾಗ್ತಾ ಹೋಗುತ್ತೆ. 2007ರಲ್ಲಿ ತೀರ್ಕೊಂಡ್ರು. ಮುಂದೆ ಕೂರೋ ಪಿಟೀಲಿನವರಷ್ಟೇ ಪ್ರೀತಿಯಿಂದ ಒಬ್ಬ ಪಕ್ಕವಾದ್ಯದವನನ್ನ ನೆನೆಸ್ಕೊಂಡು ಅವನ ಹೆಸರಲ್ಲಿ ಗಿಟಾರ್ ಹಬ್ಬಾನೇ ಮಾಡಿದ ಊರು ಇದು. ನಂಗೆ ಹೊಟ್ಟೆ ತುಂಬಿತು.

ಆ ರಾತ್ರಿ ಒಬ್ಬ ಹುಡುಗಿ, ಹನ್ನೆರಡು ಹದಿಮೂರು ಇರ್ಬೇಕು, ಟಾಮ್ ಆಂಡರ್ಸನ್ 1969ರಲ್ಲಿ ಕಟ್ಟಿದ 'ದ ಸ್ಲಾಕಿಟ್ ಲೈಟ್' ನುಡಿಸಿದ್ಲು, ಆರಿದ ದೀಪ ಅಂತ ಅರ್ಥ. ಎಶನೆಸ್ ಅನ್ನೋ ಊರಿಂದ ಹೊರಡೋವಾಗ ತಿರುಗಿ ನೋಡಿದ್ರೆ ಮನೆಗಳಲ್ಲಿ ದೀಪ ಎಷ್ಟು ಕಮ್ಮಿ ಆಗಿದೆ ಅನ್ನಿಸಿ ಮಾಡಿದ್ದಂತೆ. ನಮ್ಮ ಗಿಟಾರಿನವರನ್ನ ಅವಳಿಗೆ ಸಾಥ್ ಕೊಡೋಕೆ ಕರೆದ್ರು. ಡಮ್ ಇಲ್ಲ, ಚಕ್ ಇಲ್ಲ, ಜ್ಯಾಝ್ ಅಂತೂ ಇಲ್ವೇ ಇಲ್ಲ. ಸಾಲಿಗೆ ಒಂದು ಸಲ, ಅದೂ ಹೆಬ್ಬೆರಳಲ್ಲಿ, ಒಂದು ತಂತಿ. ಒಂದು ಕಡೆ ಹುಡುಗಿ ಬಿಲ್ಲು ಸ್ವಲ್ಪ ತಡವರಿಸಿತು, ಇವ್ರೂ ಕಾದ್ರು, ಗೊತ್ತಿರೋರಿಗೆ ಬಿಟ್ರೆ ಬೇರೆ ಯಾರಿಗೂ ತಿಳೀಲಿಲ್ಲ. ಆಮೇಲೆ ಕುರ್ಚಿ ಎಲ್ಲ ಗೋಡೆಗೆ ಸರಿಸಿ ಡ್ಯಾನ್ಸ್ ಶುರು, ಅಲ್ಲಿ ಡಮ್-ಚಕ್ ಬಂತು ನೋಡಿ ಬಡ್ಡಿ ಸಮೇತ.

ಭಾನುವಾರ ಫೈನಲ್ ಫಾಯ್, ಬೀಳ್ಕೊಡುಗೆ ಕಛೇರಿ, ಬಂದ ಬ್ಯಾಂಡ್‌ಗಳೆಲ್ಲ ಒಂದೇ ರಾತ್ರಿ ಒಂದು ಹಾಲ್‌ನಿಂದ ಇನ್ನೊಂದಕ್ಕೆ ಓಡ್ತಾ ನುಡಿಸ್ತಾರೆ, ನಾವು ಕೂತಲ್ಲೇ ಕೂತು ಎಲ್ರನ್ನೂ ನೋಡ್ತೀವಿ. ಕಲಾವಿದರ ಮುಖದಲ್ಲಿ ನಾಲ್ಕು ದಿನದ ನಿದ್ದೆ ಬಾಕಿ ಕಾಣ್ತಿತ್ತು. ನಮ್ಮೋರು ಬೆರಳಿಗೆ ಟೇಪ್ ಸುತ್ಕೊಂಡು ಬಂದ್ರು.

ಸೋಮವಾರ ಸಂಜೆ ವಾಪಸ್ ಅದೇ ಹಡಗು, ಅದೇ ಬಾರು. ಎಲ್ರೂ ಮಲಗ್ತಾರೆ ಅಂದ್ಕೊಂಡೆ, ಎಲ್ಲಿ ಮಲಗ್ತಾರೆ. ಗಿಟಾರಿನವರು ಟೇಪ್ ಸುತ್ತಿದ ಬೆರಳು ತೋರಿಸಿ ಇವತ್ತು ನನ್ನಿಂದ ಆಗಲ್ಲ ಅಂದ್ರು, ಖಾಲಿ ಗಿಟಾರ್ ಪೆಟ್ಟಿಗೆ ಎತ್ತಿ ನನ್ನ ತೊಡೆ ಮೇಲೆ ಇಟ್ರು, ಆವತ್ತಿನ ಆ ತಕಿಟ ಹಾಕು ಅಂತ. ಅಜ್ಜಿ ಕಡೆ ನೋಡಿದೆ. ಅವರು ಬಿಲ್ಲು ಎತ್ತಿ ತಲೆ ಆಡಿಸಿದ್ರು. ಮೊದಲ ಎಂಟು ಸುಮ್ನಿದ್ದೆ, ಎರಡನೇ ಎಂಟಕ್ಕೆ ಬರೀ ಎಡಗೈ, ಆಮೇಲೆ ಪೂರ್ತಿ, ಎರಡು ಸುತ್ತು ಬಹಳ ಚೆನ್ನಾಗಿ ಹೋಯ್ತು, ನಿಜವಾಗ್ಲೂ. ಅಷ್ಟರಲ್ಲಿ ಯಾರೋ 'ಹಪ್' ಅಂದ್ರು, ಎಲ್ರೂ ರೀಲ್‌ಗೆ ಹಾರಿದ್ರು, ತಕಧಿಮಿ ತಕಧಿಮಿ, ನಾನೊಬ್ನೇ ಇನ್ನೂ ತಿಸ್ರದಲ್ಲಿ.